ಅಕ್ಕ ಏನೇನು ಆಗಬಹುದಿತ್ತು

ನಾನು ಇಂಗ್ಲಿಷ್ ಟೀಚರು. ತೆಲಂಗಾಣದ ಜಹೀರಾಬಾದಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಹತ್ತನೆಯ ತರಗತಿಗೆ ವ್ಯಾಕರಣ ಹೇಳುತ್ತೇನೆ. ಹೇಳುತ್ತೇನೆ ಎಂದರೆ, ಮಕ್ಕಳು ಕಿಟಕಿಯಾಚೆ ಕಬ್ಬಿನ ಲಾರಿಗಳನ್ನು ನೋಡುತ್ತಿರುವಾಗ ನಾನು ಬೋರ್ಡಿನ ಜೊತೆ ಮಾತಾಡುತ್ತೇನೆ. ಇಷ್ಟು ವರ್ಷಗಳಲ್ಲಿ ಎಲ್ಲ ಪಾಠಗಳೂ ಬಾಯಿಪಾಠವಾಗಿವೆ. ನಿದ್ದೆಗಣ್ಣಿನಲ್ಲಿ ಎಬ್ಬಿಸಿ ಕೇಳಿದರೂ ಒದರಿಬಿಡುತ್ತೇನೆ. ಒಂದೇ ಒಂದು ಪಾಠ ಬಂದಾಗ ಮಾತ್ರ ನನಗೆ ಮೈಯೆಲ್ಲ ಉರಿಯುತ್ತದೆ. ಹಿಂದೆ ಆಗಬಹುದಾಗಿದ್ದು ಆಗದೇ ಹೋದದ್ದನ್ನು, ಆಗಿರಬೇಕು ಎಂದು ಊಹಿಸಿದ್ದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಬೇಕು ಎಂಬ ಪಾಠ ಅದು. ಕುಡ್ ಹ್ಯಾವ್, ಶುಡ್ ಹ್ಯಾವ್, ಮೈಟ್ ಹ್ಯಾವ್, ಮಸ್ಟ್ ಹ್ಯಾವ್. ನೀವೂ ಎಂದಾದರೂ ಓದಿ, ಪರೀಕ್ಷೆಯಲ್ಲಿ ಬರೆದು, ಮರೆತಿರುತ್ತೀರಿ. ಮರೆತದ್ದು ಒಳ್ಳೆಯದೇ ಆಯಿತು.

ಮೊನ್ನೆ ಆ ಪಾಠ ಮತ್ತೆ ಬಂತು. ಬೋರ್ಡಿನ ಮೇಲೆ ಒಂದು ಉದಾಹರಣೆ ಬರೆದೆ. ರವಿಗೆ ಬಸ್ಸು ತಪ್ಪಿತು. ಅವನು ಬೇಗ ಹೊರಡಬೇಕಿತ್ತು. ಮೊದಲು ತೆಲುಗಿನಲ್ಲಿ ಬಿಡಿಸಿ ಹೇಳಿದೆ, ಆಮೇಲೆ ದಖನಿ ಉರ್ದುವಿನಲ್ಲಿ, ಕೊನೆಗೆ ಮೂಲೆಯಲ್ಲಿ ಕೂತ ನಮ್ಮ ಕಡೆಯ ಹುಡುಗಿಯರಿಗಾಗಿ ಮೆಲ್ಲಗೆ ಕನ್ನಡದಲ್ಲಿ. ನಮ್ಮ ಊರಿನ ಟೀಚರಾದವಳು ಒಂದೇ ಮಾತನ್ನು ಹೀಗೆ ಮೂರು ಅಂಗಡಿಗಳಲ್ಲಿ ಚಿಲ್ಲರೆ ಮಾಡಿಸಬೇಕು. ಅಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಬಸ್ ತೋ ಚಲೇ ಗಯಿ ನಾ ಮೇಡಂ, ಅಬ್ ಬೋಲ್ ಕೆ ಕ್ಯಾ ಫಾಯದಾ?” ಬಸ್ಸಂತೂ ಹೋಗಿಬಿಟ್ಟಿತಲ್ಲ, ಈಗ ಹೇಳಿ ಏನು ಉಪಯೋಗ ಎಂದು ಅವಳ ಪ್ರಶ್ನೆ. ಇಡೀ ತರಗತಿ ನಕ್ಕಿತು. ಶಿಕ್ಷಣ ಇಲಾಖೆಯ ಪರವಾಗಿ ನಾನೂ ನಕ್ಕೆ. ನಕ್ಕು, ಮುಂದಿನ ಉದಾಹರಣೆ ಬರೆದೆ.

ನಿಜ ಹೇಳಬೇಕೆಂದರೆ ಈ ಪಾಠವನ್ನು ನಾನು ಕಲಿತದ್ದು ಕಾಲೇಜಿನಲ್ಲಲ್ಲ, ನಮ್ಮ ಮನೆಯಲ್ಲಿ. ನಮ್ಮದು ನಾರಾಯಣಖೇಡದ ಕಡೆ, ಸಿರ್ಗಾಪುರದ ಹತ್ತಿರದ ಒಂದು ಹಳ್ಳಿ. ಅಲ್ಲಿ ಇಂಗ್ಲಿಷಿನ ಗಂಧಗಾಳಿ ಇರಲಿಲ್ಲ, ಆದರೆ ಮನೆಯವರೆಲ್ಲ ಈ ಪಾಠದಲ್ಲಿ ಪಂಡಿತರು. ಅವ್ವ ಬದುಕಿದ್ದಷ್ಟು ದಿನ ‘ಮಾಡಬೇಕಿತ್ತು’ ಎಂಬುದರಲ್ಲೇ ಸಂಸಾರ ಮಾಡಿದಳು. ಬೇಳೆ ಹೊತ್ತಿದರೆ “ಜರಾ ಮೊದ್ಲೇ ಇಳಸ್ಬೇಕಿತ್ತು” ಎನ್ನುತ್ತಿದ್ದಳು. ಒಲೆಯ ಮುಂದೆ ಕೂತವಳು ಅವಳೇ, ಇಳಿಸಬೇಕಾದವರು ಯಾರು ಎಂದು ಮಾತ್ರ ಹೇಳುತ್ತಿರಲಿಲ್ಲ. ತಮ್ಮ ಶಿವರಾಜನದು ‘ಮಾಡಬಹುದಿತ್ತು’. ಹೈವೇ ಪಕ್ಕದ ಹೊಲ ತೋರಿಸಿ, ಆವಾಗಲೇ ತೆಗೆದುಕೊಳ್ಳಬಹುದಿತ್ತು ಎಂದು ಈಗಲೂ ನಿಟ್ಟುಸಿರು ಬಿಡುತ್ತಾನೆ. ಆವಾಗ ಅವನು ಚಡ್ಡಿಯನ್ನೂ ಹಾಕುತ್ತಿರಲಿಲ್ಲ. ಅಪ್ಪನದು ‘ಇರಬೇಕು’. ಮಳೆ ಯಾಕೆ ಬರಲಿಲ್ಲ, ಎಮ್ಮೆ ಯಾಕೆ ಹಾಲು ಕೊಡಲಿಲ್ಲ, ಬೀಗರು ಯಾಕೆ ಮುನಿದರು, ಏನೇ ಕೇಳಿ; ಏನರ ಆಗಿರಬೇಕು, ಯಾರರ ಏನರ ಅಂದಿರಬೇಕು. ಇದಕ್ಕಿಂತ ಸುಖದ ಭಾಷೆ ಇನ್ನೊಂದಿಲ್ಲ. ಎಲ್ಲವೂ ತನ್ನಷ್ಟಕ್ಕೆ ತಾನೇ ಆಗುತ್ತಿರುತ್ತದೆ, ಮಾಡಿದವರು ಯಾರೂ ಇರುವುದಿಲ್ಲ.

ಇವರೆಲ್ಲ ಒಟ್ಟಿಗೆ ಕೂತರೆ ಮಾತು ತಿರುಗಿ ತಿರುಗಿ ಬಂದು ನಿಲ್ಲುವುದು ನನ್ನ ಅಕ್ಕ ಮಹಾದೇವಿಯ ಹತ್ತಿರ.

ನಮ್ಮ ಮನೆಯಲ್ಲಿ ಶ್ರಾವಣ ಮಾಸದಲ್ಲಿ ಪುರಾಣ ಓದಿಸುವ ರೂಢಿ ಇದೆ. ಸಂಜೆ ದೀಪ ಹಚ್ಚಿದ ಮೇಲೆ ಓಣಿಯವರು ಬಂದು ಪಡಸಾಲೆಯಲ್ಲಿ ಕೂಡುತ್ತಾರೆ. ಓದುವವರು ಮನೆಯವರೇ ಆಗಿರಬೇಕು. ಹೊರಗಿನವರನ್ನು ಕರೆಸಿ ಓದಿಸುವುದು ಮರ್ಯಾದೆಗೆ ಕಡಿಮೆ. ಅಜ್ಜನಿಗೆ ಕಣ್ಣು ಹೋಗುವವರೆಗೆ ಅವನೇ ಓದಿದ. ಆಮೇಲೆ ನೋಡಿದರೆ ಮನೆ ತುಂಬ ಕನ್ನಡ ಮಾತಾಡುವವರು, ಓದಬಲ್ಲವರು ಒಬ್ಬರೂ ಇಲ್ಲ. ಅಪ್ಪ ಓದಿದ್ದು ಒಂದಿಷ್ಟು ಉರ್ದು, ಒಂದಿಷ್ಟು ತೆಲುಗು. ಊರಿನ ಶಾಲೆ ತೆಲುಗಿನದು. ನಮ್ಮ ಕಡೆಯ ಹಳೆಯ ಮನೆತನಗಳು ಇದಕ್ಕೊಂದು ಉಪಾಯ ಮಾಡಿಕೊಂಡಿದ್ದವು. ಮನೆಯ ಚುರುಕಾದ ಕೂಸೊಂದನ್ನು ಗಡಿಯಾಚೆ, ಬೀದರಿನ ಕಡೆಯ ಸೋದರಮಾವನ ಊರಿಗೆ ಕಳಿಸಿ ಕನ್ನಡ ಶಾಲೆಗೆ ಹಚ್ಚುವುದು. ಒಂದು ಕೂಸು ಕಲಿತರೆ ಇಡೀ ಮನೆಗೆ ಒಂದು ತಲೆಮಾರಿನ ಕನ್ನಡ ಆಯಿತು ಎಂಬ ಲೆಕ್ಕ. ಬೀಜದ ಜೋಳ ಆರಿಸುವ ಹಾಗೆ ಕಾಳು ಕಾಳು ನೋಡಿ ಆರಿಸುತ್ತಿದ್ದರು.

ನಮ್ಮ ಮನೆಯಲ್ಲಿ ಆರಿಸಿದ್ದು ಅಕ್ಕನನ್ನು. ನನ್ನ ವಿಷಯ ಯಾರೂ ಎತ್ತಲೂ ಇಲ್ಲ. ನಾನು ಆಗ ಮೂಗು ಒರೆಸಿಕೊಳ್ಳುವುದನ್ನೂ ಸರಿಯಾಗಿ ಕಲಿತಿರಲಿಲ್ಲ. ಅಕ್ಕ ಮಗ್ಗಿಯನ್ನು ಹಿಂದುಮುಂದಾಗಿ ಹೇಳುತ್ತಿದ್ದಳು. ಸಂತೆಯಲ್ಲಿ ಅಂಗಡಿಯವನಿಗಿಂತ ಮೊದಲು ಲೆಕ್ಕ ಮುಗಿಸಿ ನಿಲ್ಲುತ್ತಿದ್ದಳು.

ಅವಳು ಹೋದ ದಿನ ನನಗೆ ಚೆನ್ನಾಗಿ ನೆನಪಿದೆ. ಬೆಳಿಗ್ಗೆ ಅವ್ವ ಅವಳಿಗೆ ಎರಡು ಜಡೆ ಹಾಕುತ್ತ ಅಳುತ್ತಿದ್ದಳು. ಅಕ್ಕನಿಗೆ ಬಸ್ಸು ಹತ್ತುವ ಸಂಭ್ರಮ. ಅಪ್ಪ ಟ್ರಂಕನ್ನು ಹೆಗಲ ಮೇಲೆ ಹೊತ್ತು ಮುಂದೆ ಮುಂದೆ, ಅಕ್ಕ ಅವನ ಹಿಂದೆ, ಅವರ ಹಿಂದೆ ನಾನು. ಅವ್ವ ಬಾಗಿಲಲ್ಲಿ ನಿಂತು “ಇನ್ನೊಂದ್ ವರ್ಷ ಬಿಟ್ಟು ಕಳಸ್ರಿ, ಸಣ್ಣಾಕಿ ಅದಾಳ” ಎಂದಳು. ಅಪ್ಪ ತಿರುಗಿ ನೋಡದೆ, “ಎಲ್ಲಾ ಮಾತಾಡಿ ಆಗ್ಯದ” ಎಂದ. ಬಸ್ಸು ಬಂತು. ಅಪ್ಪ ಅಕ್ಕನನ್ನು ಎತ್ತಿ ಮೆಟ್ಟಿಲ ಮೇಲೆ ನಿಲ್ಲಿಸಿದ. ನನ್ನನ್ನೂ ಕರೆದುಕೊಂಡು ಹೋಗಿ ಎಂದು ನಾನು ಮಣ್ಣಿನಲ್ಲಿ ಹೊರಳಾಡಿ ಅತ್ತೆ. ಅದೊಂದು ಹಟ ಗೆದ್ದಿದ್ದರೆ ನಾನು ಇವತ್ತು ಟೀಚರಾಗಿರುತ್ತಿರಲಿಲ್ಲ.

ಬೇಸಿಗೆಗೆ ಅಕ್ಕ ಊರಿಗೆ ಬಂದಾಗ ನಾವಿಬ್ಬರೂ ಹುಣಸೆಮರದ ಕೆಳಗೆ ಶಾಲೆ ಆಡುತ್ತಿದ್ದೆವು. ಆಟ ಎಂದು ನಾನು ತಿಳಿದಿದ್ದೆ. ಅವಳ ಮಟ್ಟಿಗೆ ಅದು ನೌಕರಿ. ಫರ್ಸಿ ಕಲ್ಲಿನ ಮೇಲೆ ಸುಣ್ಣದ ಚೂರಿನಿಂದ ಅ ಆ ಬರೆಸುತ್ತಿದ್ದಳು. ‘ಳ’ ಬರೆಯಲು ತಡಬಡಾಯಿಸಿದರೆ ಜೋಳದ ದಂಟಿನಿಂದ ಬೀಳುತ್ತಿತ್ತು ಏಟು. ಮಾವನ ಊರಿನ ಮಾಸ್ತರರು ಹೀಗೆ ಹೊಡೆಯುತ್ತಾರೆ ಎಂದು ಸಮಾಧಾನವನ್ನೂ ಅವಳೇ ಹೇಳುತ್ತಿದ್ದಳು. ಮಾವನ ಮನೆಯಲ್ಲಿ ನೀರು ಸೇದುವುದು ಯಾರು, ರಾತ್ರಿ ಊಟಕ್ಕೆ ಕೊನೆಯವಳು ಯಾರು ಎಂಬುದನ್ನು ಮಾತ್ರ ಅವಳು ಹೇಳಲಿಲ್ಲ, ನಾವೂ ಕೇಳಲಿಲ್ಲ. ಶ್ರಾವಣಕ್ಕೆ ಅಪ್ಪ ಅವಳನ್ನು ಕರೆತರುತ್ತಿದ್ದ. ಲಂಗ ಸರಿಮಾಡಿಕೊಂಡು ಮಣೆಯ ಮೇಲೆ ಕೂತು ಅವಳು ಓದಿದರೆ ಮುದುಕರು ತಲೆ ಆಡಿಸುತ್ತಿದ್ದರು. ಅಪ್ಪನ ಮುಖ ಆಗ ನೋಡಬೇಕು.

ಅಕ್ಕ ಅಲ್ಲೇ ಮೆಟ್ರಿಕ್ ಮಾಡಿದಳು, ಅಲ್ಲೇ ಟೀಚರ್ ಟ್ರೇನಿಂಗ್ ಮುಗಿಸಿದಳು. ಟೀಚರ್ ಆಗುವುದು ಬಿಟ್ಟರೆ ಬೇರೆ ಆಸೆ ಅವಳಿಗೆ ಇರಲೇ ಇಲ್ಲ. ಆಗ ಇನ್ನೂ ತೆಲಂಗಾಣ ಬೇರೆಯಾಗಿರಲಿಲ್ಲ, ನಮ್ಮದು ಆಂಧ್ರ. ನಮ್ಮ ಕಡೆಯ ಒಂದು ಕನ್ನಡ ಶಾಲೆಗೆ ಟೀಚರ್ ಬೇಕು ಎಂದು ಜಾಹೀರಾತು ಹೊರಟಿತು. ಅಕ್ಕನಿಗಾಗಿಯೇ ಮಾಡಿದ ಕೆಲಸ ಎಂದು ಊರೆಲ್ಲ ಹೇಳಿತು. ಅಪ್ಪನ ಜೊತೆ ಜಿಲ್ಲಾ ಕಚೇರಿಗೆ ಹೋದಳು. ಕಿಟಕಿಯಾಚೆ ಕೂತವನು ಕಾಗದ ತಿರುವಿ, ಚಿಕ್ಕ ತರಗತಿಗಳನ್ನು ಓದಿದ್ದು ಎಲ್ಲಿ ಎಂದು ಕೇಳಿದ. ಬೀದರಿನ ಕಡೆ ಎಂದಳು. “ಅಯಿತೇ ಮೀರು ನಾನ್ ಲೋಕಲ್ ಅಮ್ಮಾ” ಎಂದ, ಹಾಗಾದರೆ ನೀವು ಇಲ್ಲಿಯವರಲ್ಲ ಎಂದು. ಕಾಗದ ವಾಪಸು ಕೊಟ್ಟ. ಮನೆ ಎಲ್ಲಿ, ಹೊಲ ಎಲ್ಲಿ, ಅಜ್ಜನ ಸಮಾಧಿ ಎಲ್ಲಿ ಎಂಬುದು ಅವನಿಗೆ ಬೇಡ. ಶಾಲೆ ಓದಿದ ಊರೇ ಸ್ವಂತ ಊರು. ಕನ್ನಡ ಶಾಲೆಗೆ ಟೀಚರ್ ಆಗಲು ಕನ್ನಡ ಬೇಕು. ಕನ್ನಡ ಇಲ್ಲಿಯೇ ಕಲಿತಿರಬೇಕು. ಇಲ್ಲಿ ಕಲಿಯಲು ನಮ್ಮೂರಲ್ಲಿ ಕನ್ನಡ ಶಾಲೆ ಇರಲಿಲ್ಲ.

ಸರಿ, ಓದಿದ ಊರೇ ಸ್ವಂತ ಊರಾದರೆ ಅಲ್ಲಿಯಾದರೂ ಕೊಡಬೇಕಲ್ಲ ಎಂದು ಗಡಿಯಾಚೆ ಹೋದರು. ಅಲ್ಲಿಯ ಕಚೇರಿಯವನು ಬಹಳ ಮರ್ಯಾದಸ್ಥ. ಕುರ್ಚಿ ಕೊಟ್ಟು, ಚಹಾ ತರಿಸಿ, ಅಪ್ಪನ ಊರು ಕೇಳಿದ. “ಹಂಗಾದ್ರ ನೀವು ಆಂಧ್ರದವ್ರಾದ್ರಿ ಬಾಯಿ. ನಿಮಗ ಅಲ್ಲೇ ಕೊಡ್ತಾರ, ಹೋಗ್ರಿ” ಎಂದ. ಅಕ್ಕ ಚಹಾ ಕುಡಿಯದೆ ಎದ್ದು ಬಂದಳಂತೆ. ನಮ್ಮ ಕಡೆಯ ಆ ಕನ್ನಡ ಶಾಲೆಗೆ ಬಹಳ ಕಾಲ ಯಾವ ಟೀಚರೂ ಬರಲಿಲ್ಲ. ಅಲ್ಲಿ ಕಟ್ಟೆಯ ಮೇಲೆ ತೊಗರಿ ಒಣಗಿಸುತ್ತಿದ್ದರು.

ಇತ್ತ ನಾನು, ಮನೆಯ ದಡ್ಡಿ, ಊರಿನ ತೆಲುಗು ಶಾಲೆಯಲ್ಲೇ ಬಿದ್ದುಕೊಂಡಿದ್ದೆ. ಅದರಿಂದಲೇ ನಾನು ಅಪ್ಪಟ ಲೋಕಲ್ ಆದೆ. ಇಂಗ್ಲಿಷ್ ಹೇಗೋ ಕುಂಟುತ್ತ ಬಂತು, ನೌಕರಿ ಓಡುತ್ತ ಬಂತು. ಮೊದಲ ದಿನ ಶಾಲೆಗೆ ಹೋಗುವಾಗ ನನ್ನ ಸೀರೆಯ ನೆರಿಗೆ ಹಿಡಿದು ಉಡಿಸಿದವಳು ಅಕ್ಕ. “ಬೋರ್ಡಿನ ಕಡಿ ಮಾರಿ ಮಾಡಿ ಮಾತಾಡಬ್ಯಾಡ, ಮಕ್ಕಳ ಕಡಿ ನೋಡು” ಎಂದಳು. ನಾನು ಇವತ್ತಿಗೂ ಬೋರ್ಡಿನ ಕಡೆಗೇ ಮುಖ ಮಾಡಿ ಮಾತಾಡುತ್ತೇನೆ.

ಅಕ್ಕನನ್ನು ತಾಂಡೂರಿನ ಆಚೆ, ಯಾಲಾಲ್ ಕಡೆಯ ಒಂದು ಹಳ್ಳಿಗೆ ಕೊಟ್ಟರು. ಒಕ್ಕಲುತನದ ಮನೆ, ಭಾವ ಒಳ್ಳೆಯ ಮನುಷ್ಯ. ಅವಳು ತೊಗರಿ ಬಿತ್ತಿದಳು, ಕಳೆ ತೆಗೆದಳು, ಇಬ್ಬರು ಗಂಡುಮಕ್ಕಳನ್ನು ದೊಡ್ಡವರನ್ನಾಗಿ ಮಾಡಿದಳು. ಅವಳ ಬಾಳು ಕೆಟ್ಟಿತು ಎಂದು ನಾನು ಹೇಳುತ್ತಿಲ್ಲ. ಹೊಟ್ಟೆ ಉರಿಸುವುದು ನಮ್ಮವರ ಮಾತು. ಹಬ್ಬವಿರಲಿ, ಮದುವೆಯಿರಲಿ, ಊಟ ಮುಗಿದು ಎಲೆಯಡಿಕೆ ಕೈಗೆ ಬಂದರೆ ಸಾಕು, ಯಾರಾದರೊಬ್ಬರು ಶುರು ಮಾಡುತ್ತಾರೆ. ಮಹಾದೇವಿ ಎಂಥಾ ಶಾಣ್ಯಾ ಹುಡುಗಿ. ಅವಳಿಗೆ ನೌಕರಿ ಸಿಗಬಹುದಿತ್ತು. ಯಾರಾದರೂ ಮೊದಲೇ ವಿಚಾರಿಸಬೇಕಿತ್ತು. ಹೀಗೆ ಪ್ರತಿ ಸಲ ಅಕ್ಕನ ಎದುರೇ ಅಕ್ಕನ ಇನ್ನೊಂದು ಬಾಳನ್ನು ಕಟ್ಟಿ, ಅದಕ್ಕೆ ಬಾಗಿಲು ಕಿಟಕಿ ಇಟ್ಟು, ಆಹಾ ಎಂದು ಮೆಚ್ಚಿ, ಎದ್ದು ಕೈ ತೊಳೆದುಕೊಂಡು ಹೋಗುತ್ತಾರೆ. ಆ ಮನೆಯಲ್ಲಿ ವಾಸ ಮಾಡಲಾಗದವಳು ಒಬ್ಬಳೇ ಕೂತು ಎಂಜಲು ಎತ್ತಿ ನೆಲಕ್ಕೆ ಗೋಮಯ ಸಾರಿಸುತ್ತಾಳೆ.

ಹೋದ ಮೇ ತಿಂಗಳು ಎಲ್ಲರೂ ಊರಿನಲ್ಲಿ ಸೇರಿದ್ದೆವು. ಮಾವಿನ ಹಣ್ಣಿನ ಸೀಕರಣೆ, ಹೋಳಿಗೆ. ಅಪ್ಪನಿಗೆ ಈಗ ಬಹಳ ವಯಸ್ಸು, ಆದರೂ ಗಟ್ಟಿ. ಶಿವರಾಜ ಅವನ ಜೊತೆ ಊರಿನಲ್ಲೇ ಇದ್ದುಕೊಂಡು ಹತ್ತಿರದ ಒಂದು ಕಚೇರಿಗೆ ಕೆಲಸಕ್ಕೆ ಹೋಗುತ್ತಾನೆ. ಅವನ ಮಗಳು ಶ್ರಾವಣಿ ಚಿಕ್ಕವಳು, ಮಾತಿನ ಮಲ್ಲಿ. ಊಟ ಆದ ಮೇಲೆ ಶಿವರಾಜ ಹೇಳಿದ. ಜೂನ್ ತಿಂಗಳಿಂದ ಶ್ರಾವಣಿಯನ್ನು ಬೀದರಿನ ಕಡೆ, ಅವಳ ಸೋದರಮಾವನ ಮನೆಗೆ ಕಳಿಸುವುದು. ಅಲ್ಲಿ ಕನ್ನಡ ಶಾಲೆಗೆ ಹಚ್ಚುವುದು. ಅಕ್ಕ ಮದುವೆಯಾಗಿ ಹೋದ ಮೇಲೆ ಶ್ರಾವಣದಲ್ಲಿ ಹೊರಗಿನವರನ್ನು ಕರೆಸಿ ಓದಿಸುವುದು ಅಪ್ಪನಿಗೆ ಸಂಕಟವಂತೆ.

ಅಪ್ಪ ಮೀಸೆಯ ಮೇಲೆ ಕೈಯಾಡಿಸಿಕೊಂಡ. ನಮ್ಮ ಕಾಕಾ, ಅಪ್ಪನ ತಮ್ಮ, ಬಲು ಹುರುಪಿನಿಂದ “ಛಲೋ ಆತು. ಮಹಾದೇವಿ ಹಂಗ ಓದ್ತಾಳ. ಮಹಾದೇವಿ ನೌಕ್ರಿಗಿ ಹತ್ತಿದ್ರ ಈಗ ಹೆಡ್‌ಮಾಸ್ತರ್ ಆಗ್ತಿದ್ಲು” ಎಂದ. ಎಲ್ಲರೂ ಹೌದೌದು ಎಂದರು.

ಅಕ್ಕ ಬಾಗಿಲ ಪಕ್ಕದಲ್ಲಿ ಕೂತು ಮಾವಿನ ಗೊರಟ ಬುಟ್ಟಿಗೆ ತುಂಬುತ್ತಿದ್ದಳು. ಕೈ ಒರೆಸಿಕೊಂಡು ಒಳಗೆ ಬಂದಳು. “ಅಪ್ಪಾ, ಒಂದ್ ಮಾತ್ ಕೇಳ್ತೀನಿ” ಎಂದಳು. “ನನಗ ಮಾವನ ಊರಿಗಿ ಯಾರು ಕಳಸಿದ್ರು?”

ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ಅವಳು ಕೇಳಿದ್ದನ್ನು ನಾನು ಕಂಡಿರಲಿಲ್ಲ. ಅಪ್ಪ ಸುಣ್ಣದ ಡಬ್ಬಿ ಹುಡುಕಿದ. “ಈಗ್ಯಾಕ ಅದೆಲ್ಲ? ನಿಮ್ಮವ್ವಗ ತವರಮನಿ ಅಂದ್ರ ಜೀವ. ಆಕಿನೇ ಹಟ ಹಿಡದಿರಬೇಕು.”

“ಮಾವನೇ ಕೇಳಿರಬೇಕಕ್ಕ” ಎಂದ ಶಿವರಾಜ. “ಅವ್ರ ಮನ್ಯಾಗ ಹೆಣ್ಣುಮಕ್ಕಳು ಇದ್ದಿಲ್ಲಲ್ಲ.” ಅವನು ಆಗ ಹುಟ್ಟಿಯೇ ಇರಲಿಲ್ಲ.

ಕಣ್ಣಾರೆ ಕಾಣದ್ದಕ್ಕೆ ಮಾತ್ರ ‘ಇರಬೇಕು’ ಎನ್ನಬೇಕು, ಕಂಡದ್ದಕ್ಕಲ್ಲ ಎಂದು ನಾನು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತೇನೆ. ಟ್ರಂಕು ಹೊತ್ತ ಮನುಷ್ಯ ತನ್ನದೇ ಹೆಗಲಿನ ಬಗ್ಗೆ ‘ಇರಬೇಕು’ ಎನ್ನುತ್ತಿದ್ದ. ನನಗೆ ತಡೆಯಲಾಗಲಿಲ್ಲ. “ಅವ್ವ ಬ್ಯಾಡ ಅಂತ ಅತ್ತಾಳಪ್ಪ. ನಾ ಅಲ್ಲೇ ಇದ್ದೆ” ಎಂದೆ. “ನೀ ಸಣ್ಣಾಕಿ ಇದ್ದಿ, ನಿನಗೇನ್ ತಿಳೀತದ” ಎಂದು ಅಪ್ಪ ನನ್ನ ಬಾಯಿ ಮುಚ್ಚಿಸಿದ. ಇಂಗ್ಲಿಷ್ ಟೀಚರಿಗೆ ಮನೆಯಲ್ಲಿ ಇಷ್ಟೇ ಬೆಲೆ.

“ಸತ್ತವ್ರ ಮ್ಯಾಲ ಹಾಕೋದು ಸೋವಿ ಅದ” ಎಂದಳು ಅಕ್ಕ. ಧ್ವನಿ ಏರಿಸಲಿಲ್ಲ. “ನಾ ಏನ್ ಆಗ್ತಿದ್ದೆ ಅಂತ ನೀವು ಹೇಳೋದು ನನಗ ಸಾಕಾಗ್ಯದ. ನಾನೇ ಕಳಸಿದೆ ಅಂತ ಒಬ್ರು ಒಮ್ಮಿ ಅಂದ್ರ ಸಾಕಿತ್ತು. ನಾ ಏನ್ ಹೊಡೀತಿದ್ದೆನಾ? ಇರ್ಲಿ. ಶ್ರಾವಣಿ ಹೋಗಂಗಿಲ್ಲ.”

ಶಿವರಾಜ ನಕ್ಕ. “ಈಗ ಯಾರು ಸರ್ಕಾರಿ ನೌಕ್ರಿ ನಂಬ್ಕೊಂಡು ಕುಂತಾರಕ್ಕ?”

“ನಂಬ್ತಾಳೋ ಬಿಡ್ತಾಳೋ ಆಕಿ ನೋಡ್ಕೋತಾಳ. ಕೇಳಾಕ ಹೋದಾಗ ನೀ ಎಲ್ಲಿಯಾಕಿ ಅಂತ ಯಾರೂ ಅನಬಾರ್ದು.”

“ಹಂಗಾದ್ರ ಮನ್ಯಾಗ ಕನ್ನಡ?” ಅಪ್ಪ ಕೇಳಿದ. ಅವನ ಧ್ವನಿ ನಿಜವಾಗಿಯೂ ನಡುಗಿತು, ಅದನ್ನು ನಾನು ಅಲ್ಲಗಳೆಯುವುದಿಲ್ಲ.

“ಹೋಗ್ಲಿ ಬಿಡ್ರಿ” ಎಂದಳು ಅಕ್ಕ. “ಕನ್ನಡ ಹೋದ್ರ ಹೋಗ್ಲಿ. ಕೂಸು ಮಾತ್ರ ಹೋಗಬಾರ್ದು.”

ನಮ್ಮ ಮನೆಯಲ್ಲಿ ಕನ್ನಡ ಓದಬಲ್ಲವಳು ಅವಳು. ಜೋಳದ ದಂಟು ಹಿಡಿದು ನನಗೆ ‘ಳ’ ತಿದ್ದಿಸಿದವಳು. ಆ ಮಾತು ಅವಳ ಬಾಯಿಂದ ಬಂದಾಗ ನನಗೆ ಅಳು ಬಂತು. ಅವಳಿಗೆ ಬರಲಿಲ್ಲ. ಒಳಗೆ ಹೋಗಿ ಶ್ರಾವಣಿಯ ಹೊಸ ಬ್ಯಾಗಿನಿಂದ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಕಪಾಟಿನಲ್ಲಿ ಇಟ್ಟಳು. ಹುಡುಗಿಗೆ ಊರು ಬಿಡುವುದು ತಪ್ಪಿತಲ್ಲ ಎಂದು ಖುಷಿಯೋ ಖುಷಿ, ಹೊರಗೆ ಓಡಿದಳು.

ಶ್ರಾವಣಿಗೆ ಕನ್ನಡ ನಾನು ಕಲಿಸುತ್ತೇನೆ ಎಂದು ಜಂಬದಿಂದ ಹೇಳಿದೆ. ರಜೆ ಇದ್ದಾಗ ಊರಿಗೆ ಹೋಗಿ ಅ ಆ ಶುರು ಮಾಡಿದೆ. ಆಮೇಲೆ ನನಗೆ ಪೇಪರ್ ತಿದ್ದುವುದು ಬಂತು, ಅವಳಿಗೆ ಲೆಕ್ಕದ ಟ್ಯೂಷನ್ ಬಂತು. ‘ಳ’ದವರೆಗೆ ನಾವು ತಲುಪಲೇ ಇಲ್ಲ.

ಶ್ರಾವಣ ಬಂತು. ಓದಲು ಗೊತ್ತುಮಾಡಿದ್ದ ಹೊರಗಿನವರು ಆ ಸೋಮವಾರ ಬರಲಿಲ್ಲ, ಜ್ವರವಂತೆ. ಅಕ್ಕ ಯಾಲಾಲಿನಿಂದ ಬಂದಿದ್ದಳು, ಹಾಗಾಗಿ ಮಣೆಯ ಮೇಲೆ ಅವಳನ್ನೇ ಕೂಡಿಸಿದರು. ಕನ್ನಡಕ ಏರಿಸಿಕೊಂಡು ಓದತೊಡಗಿದಳು. ಓಣಿಯವರು ಮೊದಲಿನಂತೆಯೇ ತಲೆ ಆಡಿಸಿದರು. ನಡುವೆ ಅವಳು ನೀರು ಕುಡಿಯಲು ನಿಲ್ಲಿಸಿದಾಗ ಒಬ್ಬ ಮುದುಕ, ನಿಮ್ಮ ಮನೆಯಲ್ಲಿ ಮುಂದೆ ಓದುವವರು ಯಾರು ಎಂದು ಅಪ್ಪನನ್ನು ಕೇಳಿದ.

ಅಪ್ಪ ನಿಟ್ಟುಸಿರು ಬಿಟ್ಟ. “ಮೊಮ್ಮಗಳು ಶಾಣ್ಯಾಕಿ ಅದಾಳ್ರಿ. ಕಳಸಿದ್ರ ಕಲೀತಿದ್ಲು. ಏನ್ ಮಾಡೋದು, ಆಗಲಿಲ್ಲ.”

ಅಕ್ಕ ತಂಬಿಗೆ ಕೆಳಗಿಟ್ಟಳು. “ಆಗಲಿಲ್ಲ ಅಲ್ಲಪ್ಪ. ನಾ ತಡದೆ” ಎಂದಳು. ಆಮೇಲೆ ಕೂತವರ ಕಡೆ ತಿರುಗಿದಳು. “ಕೇಳ್ರಿ ಎಲ್ಲಾರೂ. ಕೂಸಿಗಿ ಕನ್ನಡ ತಪ್ಪಿಸಿದಾಕಿ ನಾನು. ಬ್ಯಾರೆ ಯಾರೂ ಅಲ್ಲ. ನಾಳಿ ಆಕಿ ದೊಡ್ಡಾಕಿ ಆಗಿ, ನನಗ ಯಾಕ ಓದಾಕ ಬರಂಗಿಲ್ಲ ಅಂತ ಕೇಳಿದ್ರ ನನ್ನ ಹೆಸರು ಹೇಳ್ರಿ. ನಾ ಇದ್ರ ನಾನೇ ಹೇಳ್ತೀನಿ.”

ಅಕ್ಕ ಪುಸ್ತಕದ ಮೇಲೆ ಬೆರಳಿಟ್ಟುಕೊಂಡು ಅಪ್ಪನನ್ನು ನೋಡುತ್ತ ಕೂತಳು. ಓದುವುದನ್ನು ಅವಳು ಶುರು ಮಾಡಲಿಲ್ಲ. ಮೇ ತಿಂಗಳಲ್ಲಿ ಕೇಳಿದ ಆ ಒಂದು ಮಾತಿಗೇ ಅವಳು ಕಾಯುತ್ತಿದ್ದಾಳೆ ಎಂದು ನನಗೆ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು. ಅಪ್ಪ ರುಮಾಲು ತೆಗೆದು, ಕೊಡವಿ, ಮತ್ತೆ ಸುತ್ತಿಕೊಂಡ.

“ಹೊತ್ತಾತು” ಎಂದ. “ಮುಂದ ಓದವ್ವ.”

ಅಕ್ಕ ಓದಿದಳು.